ಓಗೊಡದ ಲೇಬಲ್ಲು

ವಿಲ್ಸನ್ ಗಾರ್ಡನ್ ಹತ್ತನೇ ಕ್ರಾಸಿನ
ರಕ್ತಪರೀಕ್ಷೆಯ ಲ್ಯಾಬು. ಗೋಡೆಗೊಂದು ಪರದೆ.
ಅದರ ಮೇಲೆ ಬೆಳಗಿನಿಂದ ಒಂದೇ ಅಂಕಿ:
ನಲವತ್ತೊಂದು.

ನಲವತ್ತೊಂದರವರು ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು,
ಎದುರಿನ ದರ್ಶಿನಿಯಲ್ಲಿ ಖಾರಾಬಾತೂ ತಿಂದು
ಹೊರಟೇಹೋದರು.
ಉಪವಾಸ ಕೂತವರೆಲ್ಲ ನನ್ನನ್ನೇ ನೋಡುತ್ತಾರೆ.
ಆ ಪುಟ ಬರೆದವಳು ನಾನು.

ಕಣ್ಣೆದುರಿಗೇ ಇದೆಯಲ್ಲ ಲೇಬಲ್ಲು,
ಕೈಚಾಚಿದರೆ ಬೆರಳಿಗೆ ಗಾಜಿನ ಬಿಸಿ.
ಆದರೆ ಸರ್ವರ್ರು ಇರುವುದು ವೈಟ್‌ಫೀಲ್ಡಿನಾಚೆ ಎಲ್ಲೋ
ಕಿಟಕಿಯಿಲ್ಲದ ಕೋಣೆಯಲ್ಲಿ.
ಅದಕ್ಕೆ ಪರದೆ ಕಾಣದು.
ಪುಟ ಕಟ್ಟುತ್ತದೆ, ಕಳಿಸುತ್ತದೆ,
ಕಳಿಸಿದ ಮರುಗಳಿಗೆ ಮರೆಯುತ್ತದೆ.
ದೋಸೆ ಭಟ್ಟರು ಪ್ಲೇಟು ತಳ್ಳಿದ ಮೇಲೆ
ತಿಂದವರಾರೆಂದು ತಿರುಗಿ ನೋಡುತ್ತಾರೆಯೇ?

ಕಾಣದ್ದನ್ನು ಹೆಸರು ಹಿಡಿದು ಕೂಗಬೇಕು.
ನಾನೇ ಇಟ್ಟ ಹೆಸರು, 'ಸರದಿ'.
ಕೂಗಿದೆ: ಸರದಿ!
ಬಂದ ಉತ್ತರ: ಇಲ್ಲ.
ಸೊನ್ನೆಯಲ್ಲ, ಖಾಲಿಯಲ್ಲ,
ಅಂಥವರು ಈ ವಠಾರದಲ್ಲೇ ಇಲ್ಲ ಅನ್ನುವ
ಇಲ್ಲ.

ಟ್ಯಾನರಿ ರೋಡಿನಿಂದ ಫೋನಿನಲ್ಲಿ ಇಬಾದುಲ್ಲಾ:
"ಯಾರ ಹೊಟ್ಟೆಯೊಳಗೆ ಇಟ್ಟಿದ್ದೀರಿ ಅದನ್ನ?
ಬೀದಿಬಾಗಿಲಲ್ಲಿ ನಿಂತು ಕೂಗಿದರೆ
ಒಳಕೋಣೆಗೆ ಕೇಳಲ್ಲ ಮೇಡಂ."

ಹೌದು. ಹೋದ ವಾರ ಅಂದಚೆಂದಕ್ಕೆ ಅಂತ
ಲೇಬಲ್ಲನ್ನೆತ್ತಿ ಪ್ಯಾನಲ್ಲಿಗೆ,
ಪ್ಯಾನಲ್ಲನ್ನೆತ್ತಿ ಮೇಲುಪುಟದ ಮಡಿಲಿಗೆ ಹಾಕಿದ್ದೆ.
ದಾಟಿದ ಒಂದೊಂದು ಹೊಸಿಲಿಗೂ
ಹೆಸರಿನ ಮುಂದೆ ಒಂದೊಂದು ಇನಿಷಿಯಲ್ಲು ಸೇರಿತ್ತು,
ಊರಿನದು, ಅಪ್ಪನದು,
ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಸೇರುವಂತೆ.
ಬರೀ ವನಮಾಲಾ ಅಂದರೆ ನಾನೂ ಏಳುತ್ತಿರಲಿಲ್ಲ.
ಎಚ್.ಜಿ. ಅನ್ನಬೇಕಿತ್ತು ಮೇಷ್ಟ್ರು;
ಕಿಟಕಿ ಪಕ್ಕದ ಬೆಂಚಿನಲ್ಲಿ
ಇನ್ನೊಬ್ಬಳು ವನಮಾಲಾ ಇದ್ದಳು,
ಲೆಕ್ಕದಲ್ಲಿ ನನಗಿಂತ ಜಾಣೆ.

ಚಿಕ್ಕಪೇಟೆಯಲ್ಲಿ ವಿಳಾಸ ಕೇಳುವ ಹಾಗೆ ಕೇಳುತ್ತ ಹೋದೆ.
ಮೇಲುಪುಟವೇ, ನಿನ್ನೊಳಗೆ ಪ್ಯಾನಲ್ಲುಂಟೆ?
ಉಂಟು.
ಪ್ಯಾನಲ್ಲೇ, ನಿನ್ನೊಳಗೆ ಸರದಿ?
ಇದೆಯಲ್ಲ, ಇಷ್ಟು ಹೊತ್ತು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಕೌಂಟರಿನ ಫಿಲೋಮಿನಾ
ಸ್ಟೂಲು ಹತ್ತಿ, ನೀಲಿ ಮಾರ್ಕರಿನಲ್ಲಿ
ಪರದೆಯ ಗಾಜಿನ ಮೇಲೇ ಬರೆದಿದ್ದಳು: 57.
ಹದಿನಾರು ಮಂದಿಯನ್ನು ಮುಖ ನೋಡಿಯೇ ಕರೆದು ಮುಗಿಸಿದ್ದಳು.
"ಹಸಿರು ಸ್ವೆಟರಿನವರೇ, ಬನ್ನಿ. ಮಗು ಎತ್ತಿಕೊಂಡಿರೋರು, ನೀವು."
ಗಾಜಿನ ಮೇಲಿನ ಶಾಯಿ
ಯಾವ ತಂತಿಯಲ್ಲೂ ವೈಟ್‌ಫೀಲ್ಡಿಗೆ ಹೋಗುವುದಿಲ್ಲ.
ಪೆಟ್ಟಿಗೆಯಲ್ಲಿ ತುಂಬಿ, ಗುಂಡಿ ಒತ್ತಿ ಕಳಿಸಿದ್ದಷ್ಟೇ
ಅದರ ಪಾಲಿಗೆ ನಡೆದದ್ದು.
ಹಾಗಾಗಿ ನಡೆದುಹೋದದ್ದನ್ನೆಲ್ಲ ನಾನು
ಒಂದೊಂದಾಗಿ ಮತ್ತೆ ಒತ್ತಿದೆ.

ಅವಳು ಸ್ಪಿರಿಟ್ಟಿನ ಹತ್ತಿಯಲ್ಲಿ ಗಾಜು ಒರೆಸಿದಳು.
ಕೆಳಗಿನಿಂದ ಅಂಕಿ ಮೂಡಿತು, ಟಿಂಗ್ ಅಂತ ಸದ್ದೂ ಬಂತು:
ಐವತ್ತೆಂಟು.

ಯಾರೂ ಏಳಲಿಲ್ಲ.
ಐವತ್ತೆಂಟು, ಬಾಯಿ ತೆರೆದು,
ಗೋಡೆಗೊರಗಿ ನಿದ್ದೆಹೋಗಿತ್ತು.