ಗಾಳಿಮರಕ್ಕೆ ಕಟ್ಟಿದ ಟಯರು

ಇಲಾಖೆಯಿಂದ ಬಂದದ್ದು ಆರು ತಟ್ಟೆ:
ಹಳದಿ ಮೂರು, ಕೆಂಪು ಎರಡು, ಒಂದಕ್ಕೆ ಬಣ್ಣವೇ ಇಲ್ಲ.
ಸಹಿ ಹಾಕಿ ತಕ್ಕೊಂಡೆ. ಬಿಸಿಯೂಟದ ವಾರಿಜಕ್ಕ
ಇಣುಕಿ ಕೇಳಿದಳು, "ಇದರಲ್ಲಿ ಸಾರು ನಿಲ್ತದಾ ಟೀಚರೇ?"

ಬೆಂಗ್ರೆಯ ಶಾಲೆ ಇದು. ಒಂದು ಪಕ್ಕ ಹೊಳೆ,
ಇನ್ನೊಂದು ಪಕ್ಕ ಕಡಲು, ನಡುವೆ ಚಾಪೆಯಷ್ಟು ಹೊಯ್ಗೆ.
ಇಲ್ಲಿ ಗಾಳಿಗೆ ರಜೆ ಇಲ್ಲ.

ಮೊದಲ ದಿನ ಎಸೆದದ್ದು ಎಲ್ಲಿಗೂ ಹೋಗಲಿಲ್ಲ.
ಎಲ್ಲಿಗೂ ಅಂದರೆ, ಎಲ್ಲ ಕಡೆಗೂ ಹೋಯಿತು:
ಹೆಡ್‌ಮಾಸ್ಟರರ ಕಿಟಕಿಗೆ, ಒಣಗಲು ಹಾಕಿದ ನಂಗಿನ ಮೇಲೆ,
ಒಂದು ಸೀದಾ ಮೇಲೆ ಹೋಗಿ
ಎಸೆದವನ ತಲೆಗೇ.
ಕಲ್ಲು ಬಿಸಾಡಿ ಅಭ್ಯಾಸ ಇವರಿಗೆ,
ಮಾವಿನಕಾಯಿಗೆ, ಬೆಕ್ಕಿಗೆ, ಒಬ್ಬರಿಗೊಬ್ಬರು.
ಕಲ್ಲಿಗೆ ಸಿಟ್ಟು ಸಾಕು.
ತಟ್ಟೆಗೆ ಸಿಟ್ಟು ತಾಗಿದರೆ ಮಗುಚಿ ಬೀಳುತ್ತದೆ.

"ಭುಜ ಬೇಡ, ಮಣಿಕಟ್ಟು" ಅಂದೆ. ಯಾರಿಗೂ ತಿಳಿಯಲಿಲ್ಲ.
"ನೀರುದೋಸೆ ಹೊಯ್ಯುವಾಗ ಅಮ್ಮನ ಕೈ ಹೇಗೆ ತಿರುಗುತ್ತದೆ?"
ಬಿಸಿಲಲ್ಲಿ ನಿಂತು ಮೂವತ್ತೆರಡು ಮಂದಿ
ಖಾಲಿ ಕೈಯಲ್ಲಿ ದೋಸೆ ಹೊಯ್ದರು.
ಚೊಂಯ್ ಅಂತ ಸದ್ದೂ ಮಾಡಿದರು.
ಬೀಸುಬಲೆಯವರ ಮನೆಯ ಯತಿನ್ ಮಾತ್ರ
ಸೊಂಟ ತಿರುಗಿಸಿ, ಕಣ್ಣು ಮುಚ್ಚಿ, ಬಿಟ್ಟ.
ನೆಟ್ಟಗೆ ಹೋಯಿತು.
ಅಪ್ಪನೂ ಹೀಗೆಯಾ ಅಂತ ಕೇಳಿದರೆ ನಾಚಿ ಓಡಿದ.

ಆಮೇಲೆ ಆಟ.
ರಿಕ್ಷಾದ ಹಳೇ ಟಯರನ್ನು ಗಾಳಿಮರಕ್ಕೆ ಕಟ್ಟಿದೆವು.
ಒಳಗಿಂದ ದಾಟಿದರೆ ಬಂಗುಡೆ,
ಅಂಚಿಗೆ ತಾಗಿದರೆ ಬೂತಾಯಿ,
ತಪ್ಪಿದರೆ ನೀರು.
ಹತ್ತು ಬಂಗುಡೆಗೆ ಒಂದು ಅಂಜಲ್.
ಎರಡು ವಾರ ಅಂಜಲ್ ಯಾರಿಗೂ ಸಿಗಲಿಲ್ಲ.
ಲೆಕ್ಕ ಬರೆಯುವ ಮೆಲ್ವಿಟಾ ತನ್ನ ಹೆಸರಿನ ಎದುರು
ಒಂದು ಬೂತಾಯಿ ಹೆಚ್ಚು ಹಾಕಿಕೊಂಡಳು;
ನಾನು ನೋಡಿದ್ದನ್ನು ನೋಡಿ, ಎಂಜಲು ಹಚ್ಚಿ ಉಜ್ಜಿದಳು.

ಇನ್ನೊಂದು ಆಟಕ್ಕೆ ಟಯರು ಬೇಡ.
ವೃತ್ತ ನಿಂತು, ಹೆಸರು ಕೂಗಿ, ಅವರ ಎದೆಗೆ ಎಸೆಯಬೇಕು.
ಕೂಗದೆ ಬಂದದ್ದನ್ನು ಹಿಡಿಯುವ ಹಾಗಿಲ್ಲ.
ಯತಿನ್! ಮಿಸ್ರಿಯಾ! ಮೆಲ್ವಿಟಾ! ಮಿಸ್ರಿಯಾ!
ಅರ್ಧ ಗಂಟೆಯಾದ ಮೇಲೆ ಕಂಡಿತು ನನಗೆ,
ಒಂದು ಜೊತೆ ಕೈ ಇನ್ನೂ ಎದೆಯ ಮುಂದೆ
ತಯಾರಾಗಿಯೇ ನಿಂತಿದೆ.
ಕೊಪ್ಪಳದ ಕಡೆಯ ಹುಡುಗಿ. ಅಪ್ಪ ದಕ್ಕೆಯಲ್ಲಿ ಐಸು ಹೊರುತ್ತಾನೆ.
ಮೂರು ತಿಂಗಳು ದಿನಾ ಬೆಳಿಗ್ಗೆ
ಹಾಜರಿಯಲ್ಲಿ ಅವಳ ಹೆಸರು ಓದಿದ್ದೇನೆ ನಾನು.
ಬಾಯಿಗೆ ಬರಲಿಲ್ಲ.

"ಏ, ನಿನ್ನ ಹೆಸರೆಂತ ಮಾರಾಯ್ತಿ?" ಮಿಸ್ರಿಯಾಳೇ ಕೇಳಿದಳು.
ಅವಳು ಹೇಳಿದ್ದನ್ನು ಗಾಳಿ ತಿಂದಿತು.
"ಜೋರಾಗಿ!"
"ದ್ಯಾಮವ್ವ!"
ಬಂದ ಕೆಂಪು ತಟ್ಟೆಯನ್ನು ಹಿಡಿಯಲಾಗಲಿಲ್ಲ ಅವಳಿಗೆ.
ಹೆಕ್ಕಿದಳು, ಲಂಗಕ್ಕೆ ಹೊಯ್ಗೆ ಒರೆಸಿದಳು,
ಮಿಸ್ರಿಯಾ ಅಂತ ಕೂಗಿ
ಕಡಲಿನ ಕಡೆಗೆ ಎಸೆದಳು.
ಹೋಯಿತು ಅಂದುಕೊಂಡೆವು ಎಲ್ಲರೂ.
ಗಾಳಿ ಅದನ್ನು ಅಲ್ಲೇ ಒಂದು ಗಳಿಗೆ ಹಿಡಿದು ನೋಡಿ
ಮೆಲ್ಲಗೆ ಈ ಕಡೆ ದೂಡಿತು.
ಮಿಸ್ರಿಯಾ ಒಂದು ಹೆಜ್ಜೆಯೂ ಇಡಬೇಕಾಗಲಿಲ್ಲ.

"ಯಾರು ಕಲಿಸಿದ್ದು?"
"ನಮ್ಮೂರಾಗ ಜ್ವಾಳ ತೂರ್ತೀವ್ರೀ.
ಗಾಳಿ ಮಾರಿ ನೋಡಿ ಬಿಡಬೇಕ್ರೀ."
ಹುಡುಗರು ನಕ್ಕರು, ತೂರುವುದು ಎಂಬ ಮಾತಿಗೆ.
ಮರುದಿನ ಎಲ್ಲರೂ ತೂರುತ್ತಿದ್ದರು.

ಸಂಜೆ ಫೆರಿ ಹೋದ ಮೇಲೆ
ಬಣ್ಣವಿಲ್ಲದ ತಟ್ಟೆ ಹಿಡಿದು ಒಬ್ಬಳೇ ನಿಂತೆ.
ಯಾರ ಹೆಸರು ಕೂಗಲಿ?
ಪಾತ್ರೆ ತೊಳೆಯುವ ಸದ್ದು ಕೇಳಿತು.
"ವಾರಿಜಕ್ಕಾ!"
ಸೌಟು ಹಿಡಿದ ಕೈಯಲ್ಲೇ ಹೊರಗೆ ಬಂದಳು ಪುಣ್ಯಾತ್ಗಿತ್ತಿ,
ಎಂತ ಅಂತ ಕೂಡ ಕೇಳದೆ ಎರಡೂ ಕೈ ಎತ್ತಿದಳು.
ಗಾಳಿ ನೋಡಿದೆ. ಮಣಿಕಟ್ಟು ತಿರುಗಿಸಿದೆ.

ನೀರು.