ಕೂಸು ಅಳಬೇಕು

ಮೂವತ್ತೊಂದು ವರ್ಷ ಸೂಲಗಿತ್ತಿಕಿ ಮಾಡೇನಿ,
ಹುಟ್ಟೂದು ಅಂದ್ರೇನು ನನಗ ಕೇಳ್ರಿ.
ನಮ್ಮ ಹೊಸಾ ಪಾಸ್ಟರು, ಇನ್ನೂ ಮದಿವಿ ಆಗಿಲ್ಲ,
ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡು
ಮೈಕಿನ್ಯಾಗ ಹೇಳ್ತಾನ: ತಿರುಗಿ ಹುಟ್ಟಬೇಕು.
ಸ್ವಚ್ಛ ಕೆಲಸ ಅಂತ ತಿಳದಾನ, ಪಾಪ.

ರಾತ್ರಿ ಕದ್ದು ಬಂದ ಆ ಮುದುಕ ಪಂಡಿತ
ಕೇಳಿದ್ದೇನು ತಪ್ಪಲ್ಲ:
ಈ ವಯಸ್ಸಿನ್ಯಾಗ ತಾಯಿ ಹೊಟ್ಟ್ಯಾಗ ಹೆಂಗ ಹೋಗಲಿ ಅಂತ.
ನಾ ಅಲ್ಲಿದ್ರ ಹೇಳ್ತಿದ್ದೆ,
ಹೋಗೂದಲ್ಲೋ ಯಜಮಾನಾ, ಬರೂದು ಕಠಿಣ.
ಒಳಗ ಬೆಚ್ಚಗ ಇದ್ದಾಂವ
ಯಾರೂ ತಾನಾಗಿ ಹೊರಗ ಬಂದದ್ದು ನಾ ಕಂಡಿಲ್ಲ.

ಹ್ವಾದ ಐತಾರ ಹಿನ್ನೀರಿನ್ಯಾಗ
ಯಂಕಪ್ಪನ್ನ ಮುಳುಗಿಸಿ ಎತ್ತಿದ್ರು.
ಅರವತ್ತಾರು ವರ್ಷದ ಯಂಕಪ್ಪ,
ಒಂದು ಕಾಲಕ್ಕ ಮುಳುಗಡಿ ಆಫೀಸಿನ ಟೇಪು ಹಿಡದಾಂವ.
ನಮ್ಮ ಓಣಿ ಗ್ವಾಡಿ ಗ್ವಾಡಿ ಅಳದು
ಪರಿಹಾರದ ಲೆಕ್ಕ ಬರದಾಂವ.
ಕೈ ಬಿಸಿ ಮಾಡಿದವರ ದನದ ಕೊಟಗಿ
ಅಂವನ ಪುಸ್ತಕದಾಗ ಪಡಸಾಲಿ ಆತು.
ನಾ ಮಾಡಲಿಲ್ಲ.
ನನ್ನ ಕೈಯಾಗ ಇದ್ದದ್ದು ಬರೇ ಕೊಬ್ಬರಿ ಎಣ್ಣಿ.

ಅಂವ ನಿಂತ ನೀರು ಗೊತ್ತೈತೇನ್ರಿ ನಿಮಗ?
ಹಳೀ ಬಾಗಲಕೋಟಿ ಅದರ ಬುಡಕ ಐತಿ.
ಎಲ್ಲರ ಹಿತ್ತಲದಾಗೂ ನಾ ಹುಗದ ಕಸ ಐತಿ,
ಒಂದೊಂದು ಕೂಸಿಂದು ಒಂದೊಂದು,
ಮ್ಯಾಲ ಉಪ್ಪು, ಅರಿಶಿಣ, ನಾಯಿ ಕೆದರದಂಗ ಒಂದು ಕಲ್ಲು.
ಊರಿಗೆ ಊರೇ ಬಸಿರು ಹೊತ್ತಂಗ ಮಲಗೇತಿ,
ಅದರ ಮ್ಯಾಲ ಯಂಕಪ್ಪ, ಎದಿಮಟ ನೀರಾಗ,
ಚಳಿಗೆ ಗಡಗಡ ನಡಗತಿದ್ದ.

ಮುಳುಗಿದ, ಎದ್ದ.
ದಂಡಿ ಮ್ಯಾಲಿನವರು ಚಪ್ಪಾಳಿ ಹೊಡದ್ರು, ಹಾಡಿದ್ರು, ಟಾವೆಲ್ ಕೊಟ್ರು.
ನಾ ಕಾಯ್ತಿದ್ದೆ.
ಅಳಲಿಲ್ಲ ಅಂವ.
ಅಳದ ಕೂಸು ಕಂಡ್ರ ನನ್ನ ಎದಿ ಧಸಕ್ ಅಂತೈತಿ,
ಆದ್ರ ಅವತ್ತು, ಸುಳ್ಳು ಯಾಕ ಹೇಳ್ಲಿ,
ಸತ್ತೇ ಹುಟ್ಟಲಿ ಅಂತ ಅನಿಸಿತ್ತು.

ಹುಟ್ಟೂದು ಕೂಸಿನ ಸಾಮರ್ಥ್ಯ ಅಲ್ಲ.
ಬ್ಯಾನಿ ತಿನ್ನಾಕಿ ಬ್ಯಾರೆ.
ಆ ಶುಕ್ರವಾರ ಬಗಲಾಗಿಂದ
ರಕ್ತಾನೂ ನೀರೂ ಕೂಡೇ ಬಂತು ಅಂತ ಓದ್ತಾರ;
ಅದರ ಅರ್ಥ ಏನಂತ ಗಂಡಸರು ಏನೇನೋ ಪ್ರಸಂಗ ಮಾಡ್ತಾರ.
ನಾ ನಾಕನೇ ಬೆಂಚಿನ್ಯಾಗ ಸೆರಗು ಅಡ್ಡ ಹಿಡಕೊಂಡು ಕುಂತಿರ್ತೇನಿ.
ರಕ್ತಾ ನೀರು ಕೂಡೇ ಬಂದ್ರ
ಯಾರೋ ಹಡಿಯಾಕತ್ಯಾರ ಅಂತ ಅರ್ಥ.

ಬುಧವಾರ ಸಂಜಿಮುಂದ
ನವನಗರದ ನಮ್ಮ ಸೆಕ್ಟರಿಗೆ ನಡಕೋತ ಬಂದ.
ಹೊಸ್ತಿಲದ ಹೊರಗ ನಿಂತು
ಚೀಲದಾಗಿಂದ ಗೆದ್ದಲ ತಿಂದ ಡೈರಿ ತಗದ.
ಸುಗಂಧವ್ವಾ, ನಿನ್ನ ಗ್ವಾಡಿ ಇಪ್ಪತ್ತೆಂಟು ಫೂಟು,
ನಾ ಹದಿನೆಂಟು ಬರದೆ, ಅಂದ.
ನಿಮ್ಮ ಓಣ್ಯಾಗ ಹನ್ನೊಂದು ಮನಿ ಹಂಗ.
ಹೊಲ ಮಾರಾಕ ಇಟ್ಟೇನಿ. ಎಲ್ಲಾರಿಗೂ ಮುಟ್ಟೂದಿಲ್ಲ...
ಮುಂದ ಮಾತು ಸಿಕ್ಕೊಂಡ್ವು.
ಉಸರು ಬರವಲ್ದು. ಮಾರಿ ನೀಲಿ ಆತು.
ಆ ಬಣ್ಣ ನನಗ ಗೊತ್ತು.

ಗಾಳಿ ಎಲ್ಲಿಂದ ಬರತೈತೋ ಯಾರು ಬಲ್ಲರು,
ನನ್ನ ಕೈ ತಾನ ಎದ್ದು
ಅಂವನ ಬೆನ್ನಿಗೆ ಒಂದು ಬಿತ್ತು, ಪಟ್ ಅಂತ.
ಇಪ್ಪತ್ತು ವರ್ಷದ ಸಿಟ್ಟೋ, ಮೂವತ್ತೊಂದು ವರ್ಷದ ರೂಢಿಯೋ
ನನಗಿನ್ನೂ ತಿಳಿದಿಲ್ಲ.

ಅತ್ತ.
ಎರಡೇ ಹಲ್ಲಿನ ಬಾಯಿ ಪೂರ್ತಿ ತಗದು
ಮಗ್ಗಲ ಮನಿಯವರು ಹೊರಗ ಬರೂ ಹಂಗ ಅತ್ತ.

ನಾ ಒಳಗ ಹ್ವಾದೆ.
ನೀರು ಕಾಯಾಕ ಇಟ್ಟೆ.