ಇದು ಸಾಲದು

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಬೆಳಗಿನ ನಾಲ್ಕಕ್ಕೆ
ಹ್ಯಾಡಕ್ ಸೀಳುವ ಲೊರೇನ್ ಥ್ಯಾಕ್ರೆಗೆ
ಬ್ಯಾಂಕಿನ ಕಾಗದ ಬಂತು. ಒಂದೇ ಪ್ಯಾರಾ.
ವಂಚನೆ ಎಂಬ ಪದ ಎರಡು ಸಲ,
ಅವಳ ಹೆಸರು ಒಂದು ಸಲ, ಅದೂ ಕಾಗುಣಿತ ತಪ್ಪಿ.

ಅಕ್ಕನ ಮಗ ಕೇಳಿದ್ದ: ಚಿಕ್ಕಮ್ಮ, ಎರಡೇ ದಿನ,
ನಿನ್ನ ಖಾತೆಗೆ ಒಂದಿಷ್ಟು ಹಾಕಿಸಲಾ?
ಹೂಂ ಅಂದಿದ್ದಳು, ಕೈಯಲ್ಲಿ ಚಾಕು, ಒಲೆಯ ಮೇಲೆ ಟೀ.
ಆ ಹೂಂ ಈಗ ಕಡತದಲ್ಲಿದೆ.
ಆರು ವರ್ಷ ಇರುತ್ತದಂತೆ.

ಖಾತೆಗೆ ಬೀಗ. ಒಳಗೆ ಅವಳದೇ ಕೂಲಿ,
ಗಾಜಿನಾಚೆಯ ಮೀನು: ಕಾಣುತ್ತದೆ, ಸಿಗದು.
ಸಾಲಗಳಿಗೆ ಮಾತ್ರ ಯಾರೂ ಬೀಗ ಹಾಕಲಿಲ್ಲ.
ಬಾಯ್ಲರಿನ ಕಂತು ಒಂದನೇ ತಾರೀಕು ವಾಪಸಾಯಿತು,
ವ್ಯಾನಿನದು ಐದಕ್ಕೆ, ದಂಡ ಹೊತ್ತುಕೊಂಡು.
ಸೋಫಾ ಅಂಗಡಿಯ ಹುಡುಗಿ ಫೋನಿನಲ್ಲಿ, ನಯವಾಗಿ:
ದುಡ್ಡಿಲ್ಲವಾ ಮೇಡಂ?
ಇದೆ ಕಣೇ. ದಾರಿ ಇಲ್ಲ.

ಒಂಬತ್ತು ವರ್ಷ ಒಂದು ಕಂತೂ ತಪ್ಪಿಸದವಳು
ಬ್ಯಾಂಕಿನ ಸಾಲಿನಲ್ಲಿ ನಿಂತಳು
ಹಳೆಯ ರಸೀತಿಗಳನ್ನು ಎದೆಗೊತ್ತಿಕೊಂಡು.
ಅವಳ ಪರ ಸಾಕ್ಷಿಗೆ ಬಂದದ್ದು
ಅವಳ ಸಾಲಗಳೇ.
‘ಇದು ಸಾಲದು’ ಎಂದ ಕೌಂಟರಿನವನು, ತಲೆಯೆತ್ತದೆ,
‘ಮೇಲ್ಮನವಿಗೆ ಎಂಟು ವಾರ.’

ಎಂಟು ವಾರಕ್ಕೆ ಎಷ್ಟು ಹ್ಯಾಡಕ್?
ಲೆಕ್ಕ ಹಾಕುತ್ತ ಹೊರಬಂದಳು.
ಗಾಳಿ, ಉಪ್ಪು, ಕಡಲಹಕ್ಕಿಗಳ ಜಗಳ.
ಕೈ ಮೂಸಿಕೊಂಡಳು: ಮೀನು.
ಬರೀ ಮೀನು.

ಸಂಜೆ ಬಾಗಿಲಲ್ಲಿ ಕೈಲ್ ನಿಂತಿದ್ದ,
ಹತ್ತೊಂಬತ್ತರ ಹುಡುಗ, ಟೊಪ್ಪಿಯೊಳಗೆ ಮುಖ ಹುದುಗಿಸಿ.
ಇನ್ನೊಂದು ತಟ್ಟೆ ಇಟ್ಟಳು.
ಕೂತ್ಕೋ ಅಂದಳು.
ಬೈಗುಳ ಆಮೇಲೆ.